ಮೊದಲ ಮಣೆ ಮತ್ತು ಮೂರು ತೂತಿನ ಚೆಂಡು

ಶತ್ರು ಎದುರಿಗೆ ಬಂದರೆ ಪಕ್ಕದ ಬೀದಿ ಹಿಡಿದು ತಪ್ಪಿಸಿಕೊಳ್ಳಬಹುದು. ಷಡ್ಡಕನಿಂದ ಹಾಗೆ ತಪ್ಪಿಸಿಕೊಳ್ಳುವ ದಾರಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಹೆಂಡತಿಯ ತಂಗಿಯ ಗಂಡನನ್ನು ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದ ಎಲೆಗೇ ಕೂರಿಸುತ್ತಾರೆ, ಫೋಟೋ ತೆಗೆಯುವಾಗ ನಮ್ಮ ಪಕ್ಕಕ್ಕೇ ನಿಲ್ಲಿಸುತ್ತಾರೆ, ಮಾವನ ಮನೆಯಲ್ಲಿ ಇಬ್ಬರಿಗೂ ಒಂದೇ ಥಾನಿನಿಂದ ಹರಿದ ಬಟ್ಟೆ ಉಡುಗೊರೆ ಕೊಡುತ್ತಾರೆ. ಬಟ್ಟೆ ಒಂದೇ ಆದಮೇಲೆ ಒಳಗಿರುವ ಮೈಗಳನ್ನು ಹೋಲಿಸದೆ ಜನ ಇನ್ನೇನು ಮಾಡುತ್ತಾರೆ? ನನ್ನ ಷಡ್ಡಕ ಶಿವಪ್ರಕಾಶ ಬೇಲೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದಾನೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಹೊಟ್ಟೆ ಇಲ್ಲ. ತಲೆಗೂದಲು ಹೇಗಿದೆಯೆಂದರೆ, ಒಳಗೆ ಹೋದ ಬಾಚಣಿಗೆ ವಾಪಸು ಬರುವ ಗ್ಯಾರಂಟಿ ಇಲ್ಲ. ನಾನು ಪಂಚಾಕ್ಷರಿ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ನಡೆಸುತ್ತೇನೆ. ನನ್ನ ತಲೆಯ ವಿಚಾರ ಆಮೇಲೆ ಬರುತ್ತದೆ. ಸದ್ಯಕ್ಕೆ ನನ್ನ ಬಾಚಣಿಗೆ ಮೂಲೆ ಸೇರಿ ಬಹಳ ಕಾಲವಾಯಿತು ಎಂದಷ್ಟೇ ತಿಳಿದುಕೊಂಡರೆ ಸಾಕು.

ಇಷ್ಟೆಲ್ಲ ಸೋಲುಗಳ ನಡುವೆ ನನಗೆ ಒಂದೇ ಒಂದು ಗೆಲುವಿತ್ತು. ಮಾದಿಹಳ್ಳಿಯ ನಮ್ಮ ಮಾವನ ಮನೆಯಲ್ಲಿ ದೀಪಾವಳಿಯ ಎಣ್ಣೆಸ್ನಾನಕ್ಕೆ ಮೊದಲ ಮಣೆ ನನ್ನದು. ಹಿಂದಿನ ಸಂಜೆ ನೀರು ತುಂಬುವ ಹಬ್ಬದಲ್ಲಿ ಬಚ್ಚಲ ಮನೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುತ್ತಿಗೆಗೆ ಹೂ ಕಟ್ಟಿ, ನೀರು ತುಂಬಿಸಿ ಇಡುತ್ತಾರೆ. ಬೆಳಗಿನ ಜಾವ ಒಲೆಗೆ ತೆಂಗಿನ ಮಟ್ಟೆ, ಕರಟ ತುಂಬಿ ಕಾಯಿಸುತ್ತಾರೆ. ನಡುಮನೆಯಲ್ಲಿ ರಂಗೋಲಿ ಎಳೆದು, ಮಣೆ ಹಾಕಿ, ಅಳಿಯನನ್ನು ಕೂರಿಸಿ ಅತ್ತೆ ತಲೆಗೆ ಎಣ್ಣೆ ಒತ್ತಿ ಆರತಿ ಎತ್ತುತ್ತಾರೆ. ಮೊದಲು ಎಣ್ಣೆ ಒತ್ತಿಸಿಕೊಂಡವನಿಗೆ ಹಂಡೆಯ ಮೊದಲ ನೀರು. ಹೊಗೆಯ ವಾಸನೆ ಬೆರೆತ, ಚರ್ಮ ಸುಡುವ ಆ ನೀರು ಬೆನ್ನ ಮೇಲೆ ಬಿದ್ದಾಗ ವರ್ಷವಿಡೀ ಮಂಡಿಯಲ್ಲಿ ಕೇಳಿದ ಬೈಗುಳವೆಲ್ಲ ತೊಳೆದುಹೋಗುತ್ತದೆ. ಎರಡನೆಯವನಿಗೆ ಸಿಗುವುದು ತಣ್ಣೀರು ಬೆರೆಸಿದ ನೀರು. ಮೂರನೆಯವರು, ನಾಲ್ಕನೆಯವರು ಯಾರು, ಅವರಿಗೆ ಏನು ಸಿಗುತ್ತದೆ ಎಂದು ನಾನು ಯಾವತ್ತೂ ವಿಚಾರಿಸಲು ಹೋದವನಲ್ಲ. ಹಿರಿಯಳಿಯನಾಗಿ ಹುಟ್ಟಿದ ಮೇಲೆ ಅದೆಲ್ಲ ಯಾಕೆ ಬೇಕು?

ಈ ಏರ್ಪಾಡು ಶಿವಪ್ರಕಾಶನಿಗೆ ಮೊದಲಿನಿಂದಲೂ ಕಣ್ಣುರಿ. ಪ್ರತಿ ಹಬ್ಬಕ್ಕೂ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು, "ಅಣ್ಣ, ಕೂದ್ಲಿರೋರಿಗೆ ಮೊದ್ಲು ಎಣ್ಣೆ ಅಂತ ರೂಲ್ಸ್ ಮಾಡ್ಬೇಕು ಕಣಣ್ಣ. ನಿಮ್ಗೆ ಹಚ್ಚಿದ್ರೆ ಎಣ್ಣೆ ದಂಡ" ಎಂದು ಕೂಗುತ್ತಿದ್ದ. ನಾನು ಒಳಗಿನಿಂದ ಇನ್ನೂ ಎರಡು ಚೊಂಬು ಹೆಚ್ಚಿಗೆ ಸುರಿದುಕೊಂಡು ಉತ್ತರ ಕೊಡುತ್ತಿದ್ದೆ.

ಹಾಗಿರುವಾಗ ಹಗರೆಯ ಹತ್ತಿರ ಒಂದು ರೆಸಾರ್ಟ್ ಬಂತು. ಬೇಲೂರು ಹಳೇಬೀಡು ನೋಡಲು ಬರುವ ಪ್ರವಾಸಿಗರಿಗೆ ಮಧ್ಯಾಹ್ನದ ಹೊತ್ತಿಗೆ ದೇವರೂ ಸಾಕಾಗಿರುತ್ತದೆ, ಶಿಲಾಬಾಲಿಕೆಯರೂ ಸಾಕಾಗಿರುತ್ತಾರೆ. ಅಂಥವರು ಬಂದು ಆಡಲಿ ಎಂದು ಅಲ್ಲಿ ಬೌಲಿಂಗ್ ಆಟಕ್ಕೆ ಎರಡು ಲೇನ್ ಹಾಕಿಸಿದರು. ಉದ್ದನೆಯ ಮರದ ದಾರಿ, ಆ ತುದಿಯಲ್ಲಿ ಬಾಟಲಿಗಳ ಹಾಗೆ ನಿಂತ ಹತ್ತು ಪಿನ್ನು, ಎರಡೂ ಬದಿಗೆ ಚರಂಡಿ. ಭಾರದ ಚೆಂಡಿನ ತೂತಿಗೆ ಬೆರಳು ತುರುಕಿ ಉರುಳಿಸಬೇಕು, ಪಿನ್ನು ಬೀಳಿಸಬೇಕು, ಅಷ್ಟೇ. ಗೌರಿ ಗಣೇಶ ಹಬ್ಬದ ಮಾರನೆಯ ದಿನ ಮನೆಮಂದಿಯೆಲ್ಲ ಹೋಗಿದ್ದೆವು. ಶಿವಪ್ರಕಾಶ ಬಿಟ್ಟ ಚೆಂಡು ಬಲಗಡೆ ಹೋದ ಹಾಗೆ ಮಾಡಿ, ಕೊನೆಯಲ್ಲಿ ಏನೋ ನೆನಪಾದವರ ಹಾಗೆ ಎಡಕ್ಕೆ ತಿರುಗಿ ಪಿನ್ನುಗಳ ನಡುವೆ ನುಗ್ಗಿತು. ನನ್ನ ಚೆಂಡು ಚರಂಡಿಗೆ ಹೋಯಿತು. ಮನೆಗೆ ಬಂದಮೇಲೆ ಅವನು ಮಾವನ ಮುಂದೆ ಬಾಯಿ ತೆಗೆದ: "ಮಾವ, ದೀಪಾವಳಿ ಹಿಂದಿನ್ ದಿನ ಮ್ಯಾಚ್ ಇಡಾಣ. ಗೆದ್ದೋರಿಗೆ ಮೊದ್ಲ ಮಣೆ." ಮಾವ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವರು ತಲೆ ಎತ್ತದೆ, "ಆಗ್ಲಿ. ಅವತ್ತು ಯಾರು ಜಾಸ್ತಿ ಬೀಳಿಸ್ತಾರೋ ಅವ್ರೇ ಮೊದ್ಲು ಕೂತ್ಕಳ್ಳಿ" ಎಂದುಬಿಟ್ಟರು. ನಮ್ಮ ಮಾವನ ಮಾತು ಅಂದರೆ ಮಾತು. ಒಮ್ಮೆ ಆಡಿದರೆ ಅದನ್ನು ಅವರೇ ವಾಪಸು ತೆಗೆದುಕೊಳ್ಳಲಾರರು.

ಅಂದಿನಿಂದ ನನಗೆ ನಿದ್ದೆ ಕೆಟ್ಟಿತು. ಮೈಸೂರಿನಲ್ಲಿ ಆಟದ ಸಾಮಾನು ಮಾರುವ ಗೆಳೆಯ ಮಂಜನ ಹತ್ತಿರ ಹೋಗಿ ಕಷ್ಟ ಹೇಳಿಕೊಂಡೆ. ಅವನು ಇನ್ನೂ ತೂತು ಕೊರೆಯದ ಕಪ್ಪು ಚೆಂಡೊಂದನ್ನು ತಂದು ಮುಂದಿಟ್ಟ. ನಾನು ಮಾಡಿದ ಮೊದಲ ಕೆಲಸ, ಅದನ್ನು ಎರಡು ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು. ಅರಸೀಕೆರೆಯವರ ಕೈಗೆ ಗುಂಡಗಿರುವುದು ಏನು ಕೊಟ್ಟರೂ ಹೀಗೇ. ಉಂಡೆ ಕೊಬ್ಬರಿ ಚೆನ್ನಾಗಿ ಒಣಗಿದರೆ ಕರಟದೊಳಗೆ ಲೊಟಲೊಟ ಅನ್ನುತ್ತದೆ, ಆ ಸದ್ದು ಕೇಳಿಯೇ ನಾವು ಮಾಲು ಒಪ್ಪುವುದು. ಚೆಂಡು ಏನೂ ಅನ್ನಲಿಲ್ಲ, ನನ್ನ ಭುಜ ಮಾತ್ರ ಲಟಕ್ ಎಂದಿತು.

"ಒಳಗಿರೋದು ಗಟ್ಟಿ ತಿರುಳು ಕಣಪ್ಪ, ಕೆಳಗಿಡು" ಎಂದು ಮಂಜ ವಿವರಿಸಿದ. ಆ ತಿರುಳು ಗುಂಡಗಿರುವುದಿಲ್ಲವಂತೆ, ಬೇಕೆಂದೇ ಸೊಟ್ಟಗೆ ಮಾಡಿರುತ್ತಾರಂತೆ. ಅದರ ನೆತ್ತಿ ಎಲ್ಲಿದೆ ಎಂದು ತೋರಿಸಲು ಮೇಲೊಂದು ಬಣ್ಣದ ಚುಕ್ಕೆ. ಚುಕ್ಕೆಯಿಂದ ಎಷ್ಟು ದೂರಕ್ಕೆ, ಯಾವ ಕಡೆಗೆ ಬೆರಳಿನ ತೂತು ಕೊರೆಯುತ್ತೇವೋ ಅದರ ಮೇಲೆ ಚೆಂಡು ಬೇಗ ತಿರುಗುತ್ತದೋ ತಡವಾಗಿ ತಿರುಗುತ್ತದೋ ತೀರ್ಮಾನವಾಗುತ್ತದೆ. ಇದಕ್ಕೆ ಲೇಔಟ್ ಎನ್ನುತ್ತಾರೆ. ನಮ್ಮೂರಲ್ಲಿ ಲೇಔಟ್ ಎಂದರೆ ತೆಂಗಿನ ತೋಟ ಕಡಿದು ಸೈಟು ಮಾಡುವುದು, ಆದ್ದರಿಂದ ನನಗೆ ಕೂಡಲೇ ಗೌರವ ಬಂತು. ಬೋರ್‌ವೆಲ್ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವ ಹಾಗೆ ಮಂಜ ಚೆಂಡನ್ನು ಹಿಡಿದು ಬಹಳ ಹೊತ್ತು ತಿರುಗಿಸಿ, ನನ್ನ ಬೆರಳುಗಳ ಅಳತೆ ತೆಗೆದು, ಮೂರು ತೂತು ಕೊರೆದ. ಈಗ ಅದು ಥೇಟ್ ಸುಲಿದ ತೆಂಗಿನಕಾಯಿ. ಹೊರಡುವಾಗ ಒಂದು ಎಚ್ಚರಿಕೆ ಹೇಳಿದ: "ಮರ ಸವೀದಿರ್ಲಿ ಅಂತ ಲೇನಿಗೆ ಎಣ್ಣೆ ಬಳೀತಾರೆ, ಎಷ್ಟು ಹಾಕ್ತಾರೆ ಅಂತ ವಿಚಾರಿಸ್ಕೊ. ಜಾಸ್ತಿ ಇದ್ರೆ ಈ ನಯವಾದ ಚೆಂಡು ಜಾರ್ಕೊಂಡು ನೆಟ್ಟಗೆ ಹೋಗಿಬಿಡುತ್ತೆ, ತಿರುಗಲ್ಲ. ಮೈ ಉಜ್ಜಿ ಒರಟು ಮಾಡ್ಸು. ಒರಟಿದ್ರೆ ಎಣ್ಣೇಲೂ ಹಿಡಿತ ಸಿಗುತ್ತೆ."

ವಿಚಾರಿಸಲು ರೆಸಾರ್ಟಿಗೆ ಹೋದೆ. ಲೇನ್ ನೋಡಿಕೊಳ್ಳುವ ಪರಮೇಶಿ ಬಿಕ್ಕೋಡಿನವನು, ಮೊದಲು ಕಾಫಿ ಎಸ್ಟೇಟಿನ ಜೀಪು ರಿಪೇರಿ ಮಾಡುತ್ತಿದ್ದವನು. ಎಣ್ಣೆಯ ವಿಷಯದಲ್ಲಿ ಅವನದು ಅಚಲ ಸಿದ್ಧಾಂತ. "ಎಣ್ಣೆ ಇಲ್ದೆ ಕೆಟ್ಟಿರೋ ಗಾಡಿ ಬೇಕಾದಷ್ಟು ನೋಡಿದೀನಿ ಸಾರ್. ಎಣ್ಣೆ ಜಾಸ್ತಿ ಆಗಿ ಕೆಟ್ಟಿದ್ದು ಒಂದಾದ್ರೂ ಐತಾ ಹೇಳಿ?" ಎಂದು ನನ್ನನ್ನೇ ಕೇಳಿದ. ಲೇನಿನಲ್ಲಿ ಮೇಲಿನ ಟ್ಯೂಬ್‌ಲೈಟುಗಳ ಪ್ರತಿಬಿಂಬ ಕೆರೆಯಲ್ಲಿ ಕಂಡಷ್ಟು ಚೊಕ್ಕವಾಗಿ ಕಾಣುತ್ತಿತ್ತು. ದೀಪಾವಳಿಗೆ ಸ್ವಲ್ಪ ಕಡಿಮೆ ಮಾಡಪ್ಪ ಎಂದರೆ, "ಹಬ್ಬ ಅಲ್ವಾ ಸಾರ್, ಇನ್ನೊಂದು ಕೈ ಜಾಸ್ತೀನೇ ಬಿಡ್ತೀನಿ" ಎಂದು ಸಮಾಧಾನ ಹೇಳಿ ಕಳಿಸಿದ.

ಹಾಗಾಗಿ ಒರಟು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮರಗೆಲಸದವರು ಬಳಸುವ ಉಪ್ಪುಕಾಗದ ತಂದೆ. ಒಂದು ಭಾನುವಾರ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಹಿತ್ತಲಲ್ಲಿ ಚಕ್ಕಂಬಟ್ಟಲು ಹಾಕಿ ಕೂತು, ಚೆಂಡು ಉರುಳದಿರಲಿ ಎಂದು ಸಿಂಬೆಯ ಮೇಲಿಟ್ಟು, ಚೊಂಬಿನಿಂದ ಸಣ್ಣಗೆ ನೀರು ಬಿಟ್ಟುಕೊಂಡು ಉಜ್ಜತೊಡಗಿದೆ. ಕಪ್ಪು ಮೈ ಮೇಲೆ ಬಿಳಿಯ ಪುಡಿ ಪಟ್ಟೆಪಟ್ಟೆಯಾಗಿ ಇಳಿಯುತ್ತಿತ್ತು. ಆಗ ಮಠದ ಪ್ರಸಾದ ಕೊಡಲು ಬಂದ ಪಕ್ಕದ ಮನೆಯ ಗೌರಮ್ಮನವರು ಈ ದೃಶ್ಯ ನೋಡಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. "ಯಾವಾಗ ತರಿಸಿದ್ರಿ ಪಂಚಾಕ್ಷರಿಯವ್ರೇ? ಎಷ್ಟು ದೊಡ್ಡ ಲಿಂಗ!" ಎಂದರು. ಮೂರು ಕಣ್ಣು ಬೇರೆ ಕಂಡಮೇಲೆ ಅವರಿಗೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ನನ್ನ ಹೆಂಡತಿ ಗಿರಿಜೆ ಬಾಗಿಲಿಗೆ ಒರಗಿಕೊಂಡು, "ಮೈಸೂರಿಂದ ಬಂದಿದೆ ಗೌರಮ್ಮ. ನಮ್ಮನೆಯವ್ರು ಈಗ ಮಂಡಿಗೂ ಹೋಗ್ತಿಲ್ಲ, ಇದ್ರದ್ದೇ ಸೇವೆ" ಎಂದಳು. ಗೌರಮ್ಮನವರು ಅಷ್ಟಕ್ಕೇ ಬಿಡದೆ ಬೀದಿಗೆಲ್ಲ ಹೇಳಿದ್ದರಿಂದ, ಸಂಜೆ ಇನ್ನಿಬ್ಬರು ಹೂವು ಹಿಡಿದುಕೊಂಡು ಬಂದರು. ಅವರನ್ನು ಸಾಗಹಾಕುವುದರಲ್ಲಿ ನನಗೆ ಸಾಕುಸಾಕಾಯಿತು.

ಇಷ್ಟು ಮಾಡಿಯೂ ಉಜ್ಜಿದ್ದು ಸಮನಾಗಲಿಲ್ಲ. ಒಂದು ಕಡೆ ಒರಟು, ಒಂದು ಕಡೆ ನಯ, ಮಧ್ಯೆ ತೊನ್ನು ಹತ್ತಿದ ಹಾಗೆ. "ಯಾಕ್ರೀ ಇಷ್ಟು ಒದ್ದಾಟ? ಒಂದ್ಸಲ ಎರಡನೇ ಮಣೆ ಮೇಲೆ ಕೂತ್ರೆ ಏನಾಗುತ್ತೆ?" ಎಂದು ಗಿರಿಜೆ ಕೇಳಿದಳು. "ನಿನಗೆ ಗೊತ್ತಾಗಲ್ಲ ಕಣೇ, ಮರ್ಯಾದೆ ಪ್ರಶ್ನೆ" ಎಂದೆ. "ಬಿಸಿನೀರಿನ ಪ್ರಶ್ನೆ ಅನ್ನಿ" ಎಂದು ಒಳಗೆ ಹೋದಳು.

ಕೊನೆಗೆ ನನಗೆ ಹೊಳೆದದ್ದು ಹಳೇಬೀಡಿನ ಷಣ್ಮುಖಾಚಾರ್ರು. ಬಳಪದ ಕಲ್ಲಿನಲ್ಲಿ ಗಣಪತಿ, ನಂದಿ ಕೆತ್ತಿ ಪ್ರವಾಸಿಗರಿಗೆ ಮಾರುತ್ತಾರೆ. ಕಲ್ಲನ್ನೇ ಬಗ್ಗಿಸುವವರಿಗೆ ಈ ಚೆಂಡು ಯಾವ ಲೆಕ್ಕ? ಹೋಗಿ ಮುಂದಿಟ್ಟು, "ಆಚಾರ್ರೇ, ಇದರ ಮೈಯೆಲ್ಲ ಒಂದೇ ಸಮ ಒರಟು ಮಾಡಿಕೊಡಿ" ಎಂದೆ. ಅವರು ಕನ್ನಡಕ ಏರಿಸಿ ನನ್ನ ಮುಖ ನೋಡಿದರು. "ಒರಟು ಮಾಡ್ಬೇಕಾ?" ಎಂದರು. ಹೌದು ಎಂದೆ. "ಆಮೇಲೆ?" ಎಂದರು. ಆಮೇಲೆ ಏನೂ ಇಲ್ಲ, ಹಾಗೇ ಕೊಡಿ ಎಂದೆ. ಅವರು ಚೆಂಡನ್ನು ಒಂದು ಸುತ್ತು ತಿರುಗಿಸಿ ನೋಡಿ ತೆಗೆದಿಟ್ಟುಕೊಂಡರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ನೀರು ತುಂಬುವ ಹಬ್ಬದ ಮಧ್ಯಾಹ್ನ, ಮ್ಯಾಚಿಗೆ ಹೋಗುವ ದಾರಿಯಲ್ಲೇ ಗಿರಿಜೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಅವರ ಅಂಗಡಿಗೆ ಹೋದೆ. ಆಚಾರ್ರು ಕೆಂಪು ಬಟ್ಟೆ ಸುತ್ತಿಟ್ಟಿದ್ದ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬಿಚ್ಚಿದರು. ಚೆಂಡು ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಮುಖ ಕಂಡಿತು, ನನ್ನ ಹಿಂದೆ ನಿಂತ ಗಿರಿಜೆಯ ಮುಖ ಕಂಡಿತು, ಅವಳು ನಗು ತಡೆದುಕೊಳ್ಳುತ್ತಿದ್ದದ್ದೂ ಕಂಡಿತು.

"ಆಚಾರ್ರೇ, ಒರಟು ಮಾಡಿ ಅಂದಿದ್ದೆನಲ್ಲ!"

"ಮಾಡಿದ್ದೆ ಸ್ವಾಮಿ. ನೀವು ಹೇಳಿದಂಗೇ ಒಂದೇ ಸಮ ಮಾಡಿ ಇಟ್ಟಿದ್ದೆ. ಆದ್ರೆ ದಿನಾ ಕಣ್ಮುಂದೆ ಹಂಗೇ ಕೂತಿರ್ತಿತ್ತಲ್ಲ, ಊಟ ಸೇರ್ಲಿಲ್ಲ. ಅರ್ಧ ಕೆಲ್ಸ ಮಾಡಿ ಕೊಟ್ರೆ ನಾಳೆ ನೋಡ್ದೋರು ಏನಂದಾರು? ಯಾರು ಮಾಡಿದ್ದು ಅಂದ್ರೆ ಹಳೇಬೀಡಿನ ಷಣ್ಮುಖ ಅಂತೀರಿ. ಅದ್ಕೇ ನಯ ಕೊಟ್ಟೆ. ತೂತಿನ ಸುತ್ತ ಒಂದು ಬಳ್ಳಿ ಬಿಡಾಣ ಅಂತಿದ್ದೆ, ಹಬ್ಬ ಬಂದ್ಬಿಡ್ತು."

ಈಗ ಯೋಚಿಸಿದರೆ ತಪ್ಪು ನನ್ನದೇ. ಕಂಬವನ್ನು ಕನ್ನಡಿ ಮಾಡಿದವರ ಊರಿಗೆ ಹೋಗಿ ಒರಟು ಮಾಡಿಕೊಡಿ ಎಂದು ಕೇಳಿದವನು ನಾನು. ಹಳೇಬೀಡಿನ ದೇವಸ್ಥಾನಕ್ಕೆ ಗೋಪುರ ಯಾಕಿಲ್ಲ ಎಂದು ಗೈಡುಗಳು ಏನೇನೋ ಕಥೆ ಹೇಳುತ್ತಾರೆ. ನನಗೆ ಅವತ್ತು ನಿಜ ತಿಳಿಯಿತು. ಗೋಡೆಗೆ ನಯ ಕೊಡುತ್ತಾ ಕೂತವರಿಗೆ ಗೋಪುರಕ್ಕೆ ಟೈಮು ಎಲ್ಲಿ ಸಿಗಬೇಕು?

ಇನ್ನೊಂದು ಚೆಂಡು ಹುಡುಕಲು ಹೊತ್ತಿರಲಿಲ್ಲ. ರೆಸಾರ್ಟಿನ ಚೆಂಡಿನಲ್ಲೇ ಆಡಬಹುದಿತ್ತು, ಆದರೆ ನನ್ನ ಚೆಂಡು ಹೇಗೆ ತಿರುಗುತ್ತದೆ ನೋಡುತ್ತಿರು ಎಂದು ಶಿವಪ್ರಕಾಶನಿಗೆ ಫೋನಿನಲ್ಲಿ ಕೊಚ್ಚಿಕೊಂಡಾಗಿತ್ತು. ಆಡಿದ ಮಾತು, ಕೊರೆದ ತೂತು ಎರಡನ್ನೂ ಮುಚ್ಚಲಾಗುವುದಿಲ್ಲ. ಅಲ್ಲಿಗೆ ಹೋದರೆ ಪರಮೇಶಿ ಕೊಟ್ಟ ಮಾತು ಉಳಿಸಿಕೊಂಡಿದ್ದ. ಲೇನಿನ ಮೇಲೆ ಹಪ್ಪಳ ಕರಿಯಬಹುದಿತ್ತು. "ಪ್ಯಾಕೇಜ್ ಮೂರು ಜನಕ್ಕೆ ಸಾರ್, ಇನ್ನೊಂದು ಹೆಸ್ರು ಕೊಡಿ" ಎಂದ. ಪಕ್ಕದಲ್ಲಿದ್ದ ಗಿರಿಜೆಯ ಹೆಸರು ಬರೆಸಿದೆ. ಆ ಹೊತ್ತಿಗೆ ನನಗೆ ಅದು ಮುಖ್ಯವೆಂದು ಅನ್ನಿಸಲಿಲ್ಲ.

ನನ್ನ ಸರದಿ ಬಂತು. ಮಂಜ ಹೇಳಿಕೊಟ್ಟ ಹಾಗೆ ಬಗ್ಗಿ, ಮಣಿಕಟ್ಟು ತಿರುಗಿಸಿ, ಬಲಗಡೆಗೆ ಬಿಟ್ಟೆ. ಇನ್ನೇನು ಎಡಕ್ಕೆ ತಿರುಗುತ್ತದೆ ಎಂದು ನಾನೂ ಎಡಕ್ಕೆ ಸೊಂಟ ತಿರುಗಿಸಿ ಕಾದೆ. ನನ್ನ ಸೊಂಟ ತಿರುಗಿತು. ಚೆಂಡು ಮಾತ್ರ ಆಚಾರ್ರ ನಯ, ಪರಮೇಶಿಯ ಎಣ್ಣೆ ಎರಡನ್ನೂ ನಂಬಿಕೊಂಡು ಹೊಳೆಯುತ್ತಾ, ಗಂಭೀರವಾಗಿ, ಬಲಗಡೆಯ ಚರಂಡಿಗೆ ಇಳಿಯಿತು. ಮಂಜನ ಲೇಔಟು, ಸೊಟ್ಟ ತಿರುಳು, ಬಣ್ಣದ ಚುಕ್ಕೆ ಯಾವುದೂ ಕೆಲಸಕ್ಕೆ ಬರಲಿಲ್ಲ. "ಚೆಂಡು ಬಾಳ ಚೆನ್ನಾಗೈತೆ ಸಾರ್" ಎಂದು ಪರಮೇಶಿ ಹೊಗಳಿದ. ಶಿವಪ್ರಕಾಶ ಬಿದ್ದು ಬಿದ್ದು ನಕ್ಕ. ನಂತರ ಎದ್ದು ತಾನು ಬಿಟ್ಟ. ಅವನದೂ ತಿರುಗಲಿಲ್ಲ. ಗೌರಿ ಗಣೇಶ ಹಬ್ಬದ ಹೊತ್ತಿನ ಎಣ್ಣೆಗೆ ಅಭ್ಯಾಸವಾಗಿದ್ದ ಅವನ ಕೈ ಇಷ್ಟು ಎಣ್ಣೆ ಕಂಡಿರಲಿಲ್ಲ. ಅಲ್ಲೊಂದು ಇಲ್ಲೊಂದು ಪಿನ್ನು ಉರುಳಿಸಿ ಅವನೂ ಮುಖ ಇಳಿಬಿಟ್ಟ.

ಗಿರಿಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲಿದ್ದ ಹಗುರದ ಒಂದು ಹಳದಿ ಚೆಂಡು ತೆಗೆದುಕೊಂಡಳು. ತೂತಿಗೆ ಬೆರಳು ಹಾಕಲೂ ಇಲ್ಲ. ಗೆರೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಹಂಡೆ ಉರುಳಿಸುವ ಹಾಗೆ ಎರಡೂ ಕೈಯಿಂದ ಮೆಲ್ಲಗೆ ನೂಕಿದಳು. ಚೆಂಡು ಯಾವ ಅವಸರವೂ ಇಲ್ಲದೆ ನಡುದಾರಿಯಲ್ಲಿ ನೆಟ್ಟಗೆ ಹೋಯಿತು. ತಿರುಗುವ ಆಸೆಯೇ ಇಲ್ಲದ ಚೆಂಡಿಗೆ ಎಣ್ಣೆ ಏನು ಮಾಡೀತು? ಪಿನ್ನುಗಳು ಒಂದರ ಮೇಲೊಂದು ಒರಗಿಕೊಂಡು ನಿಧಾನವಾಗಿ ಬಿದ್ದವು. ಆಮೇಲಿನ ಸರದಿಗಳಲ್ಲೂ ಹಾಗೇ. ನಾನೂ ಶಿವಪ್ರಕಾಶನೂ ನಮ್ಮಿಬ್ಬರಲ್ಲಿ ಯಾರು ಮುಂದೆ ಎಂದು ನೋಡುತ್ತಿದ್ದೆವೇ ಹೊರತು ಅವಳ ಕಡೆ ಗಮನವನ್ನೇ ಕೊಡಲಿಲ್ಲ. ಕೊನೆಗೆ ಮೇಲಿನ ಟಿವಿಯಲ್ಲಿ ಹೆಸರುಗಳು ಬಂದಾಗ ಗಿರಿಜೆ ಮೊದಲು, ಬಹಳ ಕೆಳಗೆ ಶಿವಪ್ರಕಾಶ, ಅದಕ್ಕೂ ಕೆಳಗೆ ನಾನು.

ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಕೂತಿದ್ದರು. "ಯಾರು ಗೆದ್ರಿ?" ಎಂದರು. ಶಿವಪ್ರಕಾಶ, "ನಾನೇ ಮಾವ" ಎಂದ. ಗಿರಿಜೆ ಕೈಕಾಲು ತೊಳೆದು ಬಂದವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಅಪ್ಪಾಜಿ, ಯಾರು ಜಾಸ್ತಿ ಬೀಳಿಸ್ತಾರೋ ಅವ್ರು ಅಂದಿದ್ರಿ ನೀವು. ಅಳಿಯಂದ್ರಲ್ಲಿ ಯಾರು ಅಂತ ಅಂದಿರ್ಲಿಲ್ಲ" ಎಂದಳು. ಮಾವ ಎಲೆಗೆ ಸುಣ್ಣ ಸವರಿ ಮಡಚಿದರು. ಆಮೇಲೆ ಒಳಗೆ ಕೂಗಿದರು: "ಲೇ, ನಾಳೆ ಮೊದ್ಲ ಮಣೆ ಗಿರಿಜಂಗೆ ಹಾಕು."

ಮಾರನೆಯ ಬೆಳಿಗ್ಗೆ ಗಿರಿಜೆ ಮಣೆಯ ಮೇಲೆ ಕೂತಳು. ಅತ್ತೆ ಬಿಸಿ ಮಾಡಿದ ಎಣ್ಣೆಯ ಬಟ್ಟಲು ಹಿಡಿದುಕೊಂಡು ಬಂದು, ಅವಳ ಜಡೆ ಬಿಚ್ಚಿ, ಬೈತಲೆಗೆ ಎಣ್ಣೆ ಒತ್ತಿದರು. ಒತ್ತುತ್ತಾ ಒತ್ತುತ್ತಾ ಅವರ ಕೈ ನಿಂತಿತು. "ನಿನ್ನ ಮದ್ವೆ ಆದ್ಮೇಲೆ ನಿನ್ ತಲೆ ಮುಟ್ಟೇ ಇಲ್ವಲ್ಲೇ ನಾನು. ಬರೀ ಇವ್ರ ತಲೇನೇ ಆಯ್ತು" ಎಂದು ಮೂಗು ಒರೆಸಿಕೊಂಡರು. ಗಿರಿಜೆ ಕಣ್ಣು ಮುಚ್ಚಿಕೊಂಡು ತಲೆಯನ್ನು ಅವ್ವನ ಹೊಟ್ಟೆಗೆ ಒರಗಿಸಿದಳು. ಇಷ್ಟು ವರ್ಷ ಮೂರನೆಯವರು ಯಾರು ಎಂದು ನಾನು ಕೇಳದೆ ಇದ್ದದ್ದು ಆಗ ನೆನಪಾಗಿ ನನಗೆ ನಾಚಿಕೆಯಾಯಿತು. ಅದನ್ನು ನೋಡಿ ಶಿವಪ್ರಕಾಶನ ಹೆಂಡತಿ ಶೋಭಾ, "ನಾನೇನು ಹೊರಗಿನೋಳಾ?" ಎಂದು ಬಂದು ಎರಡನೆಯ ಮಣೆ ಹಿಡಿದಳು. ಅಕ್ಕತಂಗಿಯರು ಬಚ್ಚಲಿನಲ್ಲಿ ನಗುತ್ತಾ, ಹರಟುತ್ತಾ ಹಂಡೆಯ ನೀರನ್ನೆಲ್ಲ ಸುರಿದುಕೊಂಡರು. ನಾವು ಷಡ್ಡಕರಿಬ್ಬರು ಟವೆಲ್ ಹೊದ್ದುಕೊಂಡು ಚಳಿಯಲ್ಲಿ ನಡುಗುತ್ತಾ ಬಾಗಿಲಲ್ಲಿ ನಿಂತಿದ್ದೆವು. ಮ್ಯಾಚ್ ಇಡಲೇಬಾರದಿತ್ತು ಎಂಬ ವಿಷಯದಲ್ಲಿ ಜೀವಮಾನದಲ್ಲಿ ಮೊದಲ ಬಾರಿಗೆ ನಮ್ಮಿಬ್ಬರ ಅಭಿಪ್ರಾಯ ಒಂದಾಗಿತ್ತು.

ನನ್ನ ಸರದಿ ಬರುವ ಹೊತ್ತಿಗೆ ಬೆಳಕು ಹರಿದಿತ್ತು, ಒಲೆ ಆರಿತ್ತು. ಅತ್ತೆ ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನೆಲ್ಲ ಒಟ್ಟಿಗೆ ನನ್ನ ನೆತ್ತಿಗೆ ಸುರಿದರು. ಅದು ಒಂದು ಕ್ಷಣವೂ ನಿಲ್ಲದೆ, ಎಡಕ್ಕೂ ತಿರುಗದೆ ಬಲಕ್ಕೂ ತಿರುಗದೆ, ನೆಟ್ಟಗೆ ಜಾರಿ ಎರಡು ಕಣ್ಣಿಗೂ ಇಳಿಯಿತು. "ಎಣ್ಣೆ ನಿಲ್ಲಾಕೆ ಜಾಗಾನೇ ಇಲ್ವಲ್ಲ ಅಳಿಯಂದ್ರೇ, ಎಷ್ಟು ನಯ ಐತೆ" ಎಂದರು ಅತ್ತೆ. ಕಣ್ಣು ಉರಿಯುತ್ತಾ, ತಣ್ಣೀರಿಗಾಗಿ ತಡಕಾಡುತ್ತಾ ನನಗೆ ಎಲ್ಲ ಅರ್ಥವಾಯಿತು. ನಯವಾದ ಮೈ ಮೇಲೆ ಎಣ್ಣೆ ಏನು ಮಾಡುತ್ತದೆ ಎಂದು ಕೇಳಲು ನಾನು ಮೈಸೂರಿನ ತನಕ ಹೋಗಿದ್ದೆ. ಮನೆಯಲ್ಲೇ ಕೂತು ಒಂದು ಸಲ ತಲೆ ಮುಟ್ಟಿ ನೋಡಿಕೊಂಡಿದ್ದರೆ ಸಾಕಿತ್ತು.